ಬೂಧ್‌ರಾಮ್ ಜಗಳ ಬಿಟ್ಟ ದಿನ

೧೨ ಮಾರ್ಚ್ ೧೯೯೮, ಗುರುವಾರ. ಪೋರ್ಟ್ ಆಫ್ ಸ್ಪೇನ್.

ಬೂಧ್‌ರಾಮ್ ಇವತ್ತು ನನ್ನ ಮಾತು ಒಪ್ಪಿಕೊಂಡುಬಿಟ್ಟ. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಅದೇ ಕೊರೆಯುತ್ತಿದೆ.

ಕ್ಲಬ್ಬಿಗೆ ನಾವಿಬ್ಬರು ಓಪನರ್‌ಗಳಾಗಿದ್ದ ಕಾಲದಿಂದಲೂ ಇದೊಂದೇ ಜಗಳ. ಎಲ್ಲರಿಗಿಂತ ದೊಡ್ಡ ಓಪನರ್ ನನಗೆ ನಾನು ಹುಟ್ಟಿದ ಬಾರ್ಬಡೋಸಿನ ಗ್ರೀನಿಜ್, ಅವನಿಗೆ ತನ್ನ ಅಜ್ಜಂದಿರ ಭಾರತದ ಗಾವಸ್ಕರ್. ಪಿಚ್ ಮಧ್ಯೆ ನಿಂತು ಕಿತ್ತಾಡಿ ಅಂಪೈರ್ ಕೈಲಿ ಬೈಸಿಕೊಂಡಿದ್ದೂ ಉಂಟು.

ಇನ್ನು ಔಷಧಿಯಿಂದ ಆಗುವುದೇನಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನ ಹೆಂಡತಿ ವಾರ್ಡಿನ ಬಾಗಿಲಲ್ಲೇ ಹೇಳಿದಳು. ಒಳಗೆ ಹೋಗಿ ಏನು ಮಾತಾಡಬೇಕೋ ತೋಚದೆ ಅವನನ್ನು ಕೆಣಕಿದೆ.

“ಏನಯ್ಯಾ, ನಿನ್ನ ಗಾವಸ್ಕರ್ ಆಡ್ತಿದ್ರೆ ನೋಡೋರು ನಿದ್ದೆ ಹೊಡೀತಿದ್ರು. ನಮ್ಮ ಗ್ರೀನಿಜ್ ಕುಂಟಿಕೊಂಡು ಹೊಡೆದ್ರೂ ಚೆಂಡು ಬೇಲಿ ಆಚೆ!”

“ಹೂಂ ಕಣೋ, ಗ್ರೀನಿಜ್ಜೇ ದೊಡ್ಡೋನು,” ಅಂದ.

ನಾನೇ ಗಾವಸ್ಕರ್ ಪರ ವಾದಕ್ಕಿಳಿದೆ. “ಎಪ್ಪತ್ತೊಂದರಲ್ಲಿ ಇಲ್ಲೇ, ನಮ್ಮ ಓವಲ್ ಮೈದಾನದಲ್ಲಿ, ಹಲ್ಲುನೋವು ಇಟ್ಕೊಂಡು ಇನ್ನೂರು ಹೊಡೆದನಲ್ಲೋ! ತಲೆಗೆ ಹೆಲ್ಮೆಟ್ಟೂ ಇಲ್ಲ! ನೀನು ಟೋಪಿ ಎಸೆದು ಕುಣಿದೆ, ಆ ಟೋಪಿ ಮತ್ತೆ ಸಿಗಲೇ ಇಲ್ಲ!”

“ಹಾಗಾದ್ರೆ ಅವನೇ ಇರ್ಲಿ ಬಿಡು,” ಅಂದು ಗೋಡೆ ಕಡೆ ತಿರುಗಿದ.

ಎಂದಿನಂತೆ ಬಾರ್ಬಡೋಸ್ ಕತ್ತೆ ಎಂದು ನನ್ನನ್ನು ಒಂದು ಸಲವೂ ಬೈಯಲಿಲ್ಲ.

ನಾಳೆ ಹೋಗಿ ಇಂಗ್ಲೆಂಡಿನ ಓಪನರ್ ಬಾಯ್ಕಾಟೇ ಎಲ್ಲರಿಗಿಂತ ದೊಡ್ಡವನು ಅನ್ನುತ್ತೇನೆ. ಆ ಹೆಸರು ಕೇಳಿದರೇ ಬೂಧ್‌ರಾಮನಿಗೆ ಮೈಯೆಲ್ಲ ಉರಿ. ಬಾಯ್ಕಾಟ್ ಔಟಾಗಲಿಲ್ಲ ಅಂತ ಒಮ್ಮೆ ರೇಡಿಯೋವನ್ನೇ ಕಿಟಕಿಯಾಚೆ ಎಸೆದಿದ್ದ. ನಾಳೆ ಅದಕ್ಕೂ ಹೂಂ ಅಂದುಬಿಟ್ಟರೆ…