ಸೆಹರಾದ ಕೊನೆಯ ಸಾಲು

ರಾಯಚೂರು, ೪ ಮಾರ್ಚ್ ೧೯೭೯

ಮತ್ತೆ ಒಲೆ ಮುಂದೆ ಪ್ರಾಸ. ದೇವದುರ್ಗದ ಮದುವೆಗೆ ನಾಳೆಯೇ ಸೆಹರಾ ಬೇಕಂತೆ. ಮದುಮಗನ ಮುಖಕ್ಕೆ ಹೂವಿನ ಸೆಹರಾ ಕಟ್ಟಿದ ಮೇಲೆ ಅವನನ್ನು ಹೊಗಳಿ ಓದುವ ಪದ್ಯ, ಅದಕ್ಕೂ ಅದೇ ಹೆಸರು. ಎಲ್ಲರೂ ಉರ್ದುವಿನಲ್ಲಿ ಓದಿದರೆ ನನ್ನಣ್ಣ ಖಾಜಾ ಭಾಯಿ ಕನ್ನಡದಲ್ಲಿ ಓದುತ್ತಾನೆ. ಬರೆಯುವುದು ನಾನು. ಬಿ.ಎ. ಎರಡು ಸಲ ಫೇಲಾದವನು ಊರಿಗೆಲ್ಲ ಶಾಯರ್, ದೊಡ್ಡ ಕವಿ. ಪಿಯುಸಿ ಫಸ್ಟ್ ಕ್ಲಾಸಾದ ನಾನು ರೊಟ್ಟಿ ಬಡಿಯುತ್ತೇನೆ.

ನನಗಾಗಿ ಬರೆದುಕೊಂಡದ್ದು ಇಷ್ಟೇ—

ಇಪ್ಪತ್ತಾಯ್ತು, ಬುದ್ಧಿ ಬಂತು ಅಂತಾರ ಮಂದಿ
ಬಂದ ಬುದ್ಧಿ ಇಡಾಕ ಮನ್ಯಾಗ ಎಲ್ಲದ ಸಂದಿ?

೧೯ ಮಾರ್ಚ್

ನನ್ನ ನಿಕಾಹ್ ಗೊತ್ತಾಯಿತು. ಅಬ್ದುಲ್ ವಹೀದ್, ಮಾನ್ವಿಯಲ್ಲಿ ಅಕ್ಕಿ ಅಂಗಡಿ. ಕಾಲೇಜಿನ ಮಾತು ತೆಗೆದೆ. "ಓದಿ ಕಲೆಕ್ಟರ್ ಆಗಾಕೇನು?" ಅಂದರು ಅಬ್ಬಾ. ಹುಡುಗನ ಫೋಟೊ ಕೇಳಿದೆ. ಅಮ್ಮನ ಕೈಯಲ್ಲಿ ಬೈಸಿಕೊಂಡೆ.

೨ ಏಪ್ರಿಲ್, ಮಧ್ಯಾಹ್ನ

ಭಾಯಿ ಅಡುಗೆಮನೆಗೆ ಬಂದ.

"ಜಾಹೆದಾ, ನಿನ್ನ ಮದುವ್ಯಾಗೂ ನಾನೇ ಓದ್ಬೇಕಂತ. ಒಂದು ಛಲೋ ಸೆಹರಾ ಬರದುಕೊಡು."

"ಯಾರ ಮ್ಯಾಲ?"

"ನಿನ್ನ ಗಂಡನ ಮ್ಯಾಲ, ಮತ್ಯಾರ ಮ್ಯಾಲ?"

"ನಾ ಅವರ ಮುಖಾನೇ ನೋಡಿಲ್ಲ."

"ಚಂದ್ರ ಅಂತ ಬರಿ. ಎಲ್ಲಾರಿಗೂ ಅದನ್ನೇ ಬರೀತಿಯಲ್ಲ."

ನಿಜವೇ. ದೇವದುರ್ಗದ ಚಂದ್ರನಿಗೆ ಹಲ್ಲು ಮುಂದೆ ಇದ್ದವಂತೆ.

೫ ಏಪ್ರಿಲ್

ಮುಗಿಸಿದೆ.

ವಹೀದನ ಮುಖ ನೋಡಿ ಚಂದ್ರನಿಗೆ ನಾಚಿಕೆ ಬಂದಿತು
ಮಲ್ಲಿಗೆಯೆಲ್ಲ ಮಾನ್ವಿ ಬಸ್ಸಿಗೆ ಟಿಕೀಟು ತಂದಿತು...

ಕೊನೆಯ ಸಾಲಿನಲ್ಲಿ ಬರೆದವರ ಹೆಸರಿರಬೇಕು, ಪದ್ಧತಿ. ಯಾವತ್ತೂ 'ಖಾಜಾ' ಅಂತ ಹಾಕುತ್ತಿದ್ದೆ. ಈ ಸಲ ಕೈ ಕೇಳಲಿಲ್ಲ— "ಮಾತಿನ ಹೂವು ಪೋಣಿಸಿದಾಕಿ ಜಾಹೆದಾ".

ಭಾಯಿ ನೋಡಿದ, ಆ ಹೆಸರು ಹೊಡೆದುಹಾಕಿದ. "ಮದುಮಗಳೇ ಗಂಡನ್ನ ಹೊಗಳ್ಯಾಳಂತ ಮಂದಿ ನಕ್ಕಾರು."

"ಇಡೀ ಪದ್ಯದಾಗ ನನ್ನ ಹೆಸರು ಎಲ್ಲೂ ಇಲ್ಲ, ಭಾಯಿ."

"ಮದುಮಗಳ ಹೆಸರು ಯಾರು ಬರೀತಾರ? ಕೊನೀಗೆ ಬರದವರ ಹೆಸರು ಬರತದ, ಅಷ್ಟೇ."

ಹಾಗೆಂದು ತನ್ನ ಹೆಸರು ಬರೆದ. ರಾತ್ರಿ ರೊಟ್ಟಿ ಸೀದವು— ಬೇಕಂತಲೇ.

ಮಾನ್ವಿ, ೬ ಮೇ

ಮದುವೆಯಾಗಿ ವಾರವಾಯಿತು. ಅವತ್ತು ಪರದೆಯ ಹಿಂದೆ ಕೂತು ನನ್ನ ಪದ್ಯ ಕೇಳಿದೆ. ಬಸ್ಸು ಹತ್ತಿದ ಮಲ್ಲಿಗೆಗೆ ವಾಹ್ ವಾಹ್, ಇನ್ನೊಮ್ಮೆ ಓದಿಸಿದರು. ಭಾಯಿಗೆ ಹಾರ. ನಾನು ಅತ್ತುಬಿಟ್ಟೆ. ತವರು ಬಿಡುವ ದುಃಖ ಅಂದುಕೊಂಡರು ಹೆಂಗಸರು. ಅಂದುಕೊಳ್ಳಲಿ.

ಇವರ ಮುಖದ ತುಂಬ ಸಿಡುಬಿನ ಕಲೆ. ಹಾಗೆ ನೋಡಿದರೆ ಚಂದ್ರನೇ.

೧೪ ಮೇ

ಮದುವೆಯಲ್ಲಿ ಹಂಚಲು ಅಚ್ಚು ಹಾಕಿಸಿದ್ದ ಸೆಹರಾಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗಿದ್ದಾರೆ. ಇವರು ಓದಿದ್ದು ಉರ್ದು, ಕನ್ನಡ ಓದಲು ಬಾರದು. ಆದರೂ ಬಂದವರಿಗೆಲ್ಲ ತೋರಿಸುವುದೇ— "ನಮ್ಮ ಭಾವ ಬರದಾನ. ನನ್ನ ಮುಖ ನೋಡದೇ!"

ನಾನು ಚಹಾ ತಂದಿಡುತ್ತೇನೆ.

೩ ಜೂನ್, ಸಂಜೆ

ಅಂಗಡಿಯಿಂದ ಬೇಗ ಬಂದರು. ಫ್ರೇಮಿನ ಕಡೆ ಕೈ ತೋರಿಸಿ, "ನಿನಗ ಕನ್ನಡ ಬರತದಲ್ಲ, ಒಮ್ಮೆ ಪೂರ್ತಿ ಓದು" ಅಂದರು.

ನಿಂತು ಓದಿದೆ. ಮಲ್ಲಿಗೆ ಬಸ್ಸು ಹತ್ತಿದಾಗ ಮಗುವಿನ ಹಾಗೆ ನಕ್ಕರು. ಕೊನೆಯ ಸಾಲು ಬಂತು. ಅಚ್ಚಾಗಿದ್ದದ್ದು 'ಪೋಣಿಸಿದವ ಖಾಜಾ'. ಓದಿದೆ—

"ಮಾತಿನ ಹೂವು ಪೋಣಿಸಿದಾಕಿ ಜಾಹೆದಾ."

ನಗು ನಿಂತಿತು. "ಅವತ್ತು ಖಾಜಾ ಅಂದಂಗಿತ್ತಲ್ಲ? ನಿನ್ನ ಹೆಸರು ಹೆಂಗ ಬಂತು?"

"ಕೊನೀಗೆ ಬರದವರ ಹೆಸರು ಬರತದ್ರೀ."

ಎದ್ದು ಫ್ರೇಮನ್ನು ಮೊಳೆಯಿಂದ ಇಳಿಸಿದರು. ಈಗ ಅಂಗಳದಲ್ಲಿ ಕೂತಿದ್ದಾರೆ, ಫ್ರೇಮು ತೊಡೆಯ ಮೇಲೆ. ನನ್ನನ್ನು ಕರೆಯುತ್ತಿದ್ದಾರೆ. ದನಿ ಸಿಟ್ಟಿನದೋ ಏನೋ... ಇದೇ ಮೊದಲ ಸಲ ಹೆಸರು ಹಿಡಿದು ಕರೆಯುತ್ತಿ—