ಮರಳು ಮುಗಿದ ಮೇಲೆ

ಸಕೆಲ್ಲಾರಿ,

ಇವತ್ತು ನಿನ್ನ ಮೊಮ್ಮಗ ಮಿಕೇಸ್ ನನ್ನನ್ನು ಬಾಯಿಗೆ ಬಂದಂತೆ ಬೈದ. ನೀನು ಓದುವುದಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಮ್ಮ ಕಲಿಮ್ನೋಸ್ ದ್ವೀಪದಲ್ಲಿ ಗಾಳಿ ಕೊಳವೆಯ ತಾಮ್ರದ ಟೊಪ್ಪಿಗೆ ತೊಟ್ಟು ಮೊದಲು ಸಮುದ್ರಕ್ಕೆ ಇಳಿದವನು ನೀನು. "ಹಂಡೆ ಹೊತ್ಕೊಂಡು ಎಲ್ಲಿಗೋ ಹೊರಟೆ?" ಅಂತ ಬರಿಮೈಯಲ್ಲಿ ಮುಳುಗುವವರೆಲ್ಲ ನಕ್ಕರು. ನಲವತ್ತು ಮಾರು ಆಳದಿಂದ ತಳದ ಬಂಡೆಗೆ ಬೆಳೆಯುವ ಸ್ಪಂಜನ್ನು ಚೀಲದ ತುಂಬ ಕಿತ್ತು ತಂದು, "ಕೆಳಗೆ ಕತ್ತಲೆ ಅಂತಾರಲ್ಲ, ಸುಳ್ಳು ಕಣೋ. ಬರೀ ನೀಲಿ," ಅಂದೆ. ಆಮೇಲೆ ಯಾರೂ ನಗಲಿಲ್ಲ. ದೋಣಿಯ ಮೇಲೆ ನಿನ್ನ ಹಗ್ಗ ಹಿಡಿಯುವವನು ಅಂತ ಕಾಫಿ ಅಂಗಡಿಯಲ್ಲಿ ನನಗೂ ಕುರ್ಚಿ ಬಿಡುತ್ತಿದ್ದರು.

ಇವತ್ತು ಮಿಕೇಸನ ಹಗ್ಗ ನನ್ನ ಕೈಯಲ್ಲಿತ್ತು. ಅವನು ಕೆಳಗಿರಬಹುದಾದ ಹೊತ್ತು ಅಳೆಯುವ ಮರಳು ಗಡಿಯಾರದಲ್ಲಿ ಮರಳು ಮುಗಿಯಿತು. ಎಳೆಯಬೇಕು ಅನ್ನುವಷ್ಟರಲ್ಲಿ ಕೆಳಗಿನಿಂದ ಒಂದು ಜಗ್ಗು: ಇನ್ನೂ ಸ್ವಲ್ಪ ಹೊತ್ತು ಬಿಡು. ಆ ದಿನ ನೀನು ಜಗ್ಗಿದ ಹಾಗೇ. ಆ ದಿನ ನಾನು ಮರಳನ್ನು ತಿರುಗಿಸಿಟ್ಟು ಕೂತೆ. ನೀನು ಕೇಳಿದರೆ ಸಮುದ್ರವೂ ಇಲ್ಲ ಅನ್ನುವುದಿಲ್ಲ ಅಂದುಕೊಂಡಿದ್ದೆ. ಹೊತ್ತು ಮೀರಿ ಮೇಲೆ ಬಂದ ನಿನ್ನ ಕಾಲುಗಳಲ್ಲಿ ಜೀವ ಇರಲಿಲ್ಲ. ಆಮೇಲೆ ಹನ್ನೊಂದು ವರ್ಷ, ನೀನು ಮಣ್ಣು ಸೇರುವ ತನಕ, ನಿನ್ನನ್ನು ಬೆನ್ನ ಮೇಲೆ ಹೊತ್ತು ಕಾಫಿ ಅಂಗಡಿಗೆ ಕರೆದೊಯ್ದೆ. ನೀನು ಒಮ್ಮೆಯೂ ಆ ಮಾತು ಎತ್ತಲಿಲ್ಲ.

ಇವತ್ತು ನಾನು ಎಳೆದೆ.

"ಏ ಮುದುಕಪ್ಪ, ನಿನ್ನಿಂದ ಕೈಗೆ ಬಂದ ಸ್ಪಂಜು ಬಿಟ್ಟು ಬಂದೆ ನಾನು. ನಮ್ಮಜ್ಜ ಆಗಿದ್ರೆ ನಿನ್ ಮಾತು ಕೇಳ್ತಿದ್ನಾ?" ಅಂದ.

"ಕೇಳ್ತಿರ್ಲಿಲ್ಲಪ್ಪ," ಅಂದೆ.

ಸೀಸದ ಬೂಟು ಕಳಚಿ ಎಸೆದು, ಬರಿಗಾಲಲ್ಲಿ ಹಲಗೆಯನ್ನು ಧಡಧಡ ತುಳಿಯುತ್ತ ದೋಣಿಯ ಆ ತುದಿಗೆ ಹೋದ. ನಾನು ಅವನ ಕಾಲುಗಳನ್ನೇ ನೋಡುತ್ತ ಕೂತಿದ್ದೆ.

ಥೆಮೆಲಿಸ್