ಅತಿಥಿಗಳು ನೋಡಿದ ಡಬ್ಬಿ

ಮಾನ್ಯ ನಿರ್ದೇಶಕರಿಗೆ,

ನೀವು ಕ್ಷೇಮವೆಂದು ನಿನ್ನೆಯ ಫೋಟೊದಲ್ಲೇ ಕಂಡೆ. ಅದರಲ್ಲಿ ನೀವು ಅತಿಥಿಗಳ ಮುಂದೆ ಎತ್ತಿ ಹಿಡಿದಿರುವ ಸೀಸದ ಡಬ್ಬಿಯೊಳಗೆ ನಾನು ತಯಾರಿಸಿದ ವಿಕಿರಣದ ಮದ್ದಿತ್ತು. ದೇಹದಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳು ಎಷ್ಟು ಉಳಿದಿವೆಯೆಂದು ಸ್ಕ್ಯಾನಿನಲ್ಲಿ ತೋರಿಸುವ ಮದ್ದು. ಅರವತ್ತೆಂಟು ನಿಮಿಷಕ್ಕೊಮ್ಮೆ ಅದರ ಬಲ ಅರ್ಧಕ್ಕಿಳಿಯುತ್ತದೆ. ನಿಮ್ಮ ಭಾಷಣ, ಚಹಾ ಮುಗಿಯುವಷ್ಟರಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ಕಳೆದಿತ್ತು. ಉಳಿದ ಕಾಲು ಭಾಗದಲ್ಲಿ ಚಿತ್ರ ಮೂಡುವುದಿಲ್ಲ.

ಕೆಳಗೆ ಸ್ಕ್ಯಾನ್ ಕೋಣೆಯಲ್ಲಿ ಒಬ್ಬ ಹೊಲಿಗೆಯಾಕೆ ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದರು. ಒಂಬತ್ತನೇ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಂಡು ಬದುಕಿದವರು. ಸಕ್ಕರೆ ಇಳಿದು ಬೆವರತೊಡಗಿದಾಗ ಸಿಹಿ ನೀರು ಕುಡಿಸಿ ಮನೆಗೆ ಕಳಿಸಿದೆ. ಹೊರಡುವಾಗ, "ನನ್ನೊಳಗೆ ಒಂದಾದ್ರೂ ಉಳಿದಿದ್ಯಾ ಅಂತ ನೋಡ್ಬೇಕಿತ್ತು ಮೇಡಂ, ಅಷ್ಟೇ" ಅಂದರು.

ಸ್ಕ್ಯಾನ್ ಏಕೆ ಆಗಲಿಲ್ಲವೆಂಬ ವರದಿಯಲ್ಲಿ ‘ರೋಗಿ ಸಹಕರಿಸಲಿಲ್ಲ’ ಎಂದು ಬರೆಯಲು ಹೇಳಿಕಳಿಸಿದ್ದೀರಿ. ತಲೆ ಹೋದರೂ ಬರೆಯುವುದಿಲ್ಲ. ನಡೆದದ್ದನ್ನೇ ಬರೆದಿದ್ದೇನೆ, ಸಹಿ ಹಾಕಿ ಕೊಡಿ.

ಮಂಗಳವಾರ ಆಕೆ ಮತ್ತೆ ಹಸಿದುಕೊಂಡು ಬರುತ್ತಾರೆ. ಅಂದು ಮದ್ದನ್ನು ನಾನೇ ಕೆಳಗೆ ಒಯ್ಯುತ್ತೇನೆ. ಅತಿಥಿಗಳಿಗೆಂದು ಒಂದು ಖಾಲಿ ಡಬ್ಬಿಯನ್ನು ನಿಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ. ಮುಚ್ಚಳ ಹಾಕಿದರೆ ಒಳಗೆ ಏನಿದೆಯೆಂದು ಯಾರೂ ಕೇಳುವುದಿಲ್ಲ. ನಿನ್ನೆ ನೀವೂ ಕೇಳಲಿಲ್ಲ.

ಇತಿ,
ಮದ್ದು ತಯಾರಿಸುವ ಕೋಣೆಯ ಕೆಮಿಸ್ಟ್